ಕೋಣೆಯ ತೇವ ಎಷ್ಟು ಹೊತ್ತಿನಲ್ಲಿ ಆರೀತು?

ಜಡಿಮಳೆ ಹಿಡಿದ ನಾಲ್ಕನೆಯ ದಿನ ಹೋಟೇಲಿನ ಉಗ್ರಾಣದ ಬಾಗಿಲು ತೆರೆದವರಿಗೆ ಒಳಗಿನ ಸ್ಥಿತಿಯನ್ನು ನಾವು ವಿವರಿಸಬೇಕಾದುದಿಲ್ಲ. ಹಪ್ಪಳ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಸಕ್ಕರೆ ಗಂಟುಕಟ್ಟಿರುತ್ತದೆ, ರವೆಗೆ ಮುಗ್ಗಲು ವಾಸನೆ ಹತ್ತಿರುತ್ತದೆ, ಕಿರ್ದಿ ಪುಸ್ತಕದ ಬೆನ್ನಿಗೆ ಬಿಳಿಯ ಬೂಷ್ಟು. ಹುಡುಗರು ಮಲಗುವ ಹಿಂಗೋಣೆಯಲ್ಲಿ ಹಗ್ಗಕ್ಕೆ ಹಾಕಿದ ಅಂಗಿ ಮೂರನೆಯ ದಿನಕ್ಕೂ ಆರದು. ಹೈದರಾಬಾದಿನ ಮಳೆ ಉಡುಪಿಯ ಮಳೆಯ ಕಾಲುಭಾಗಕ್ಕೂ ಬಾರದು, ನಿಜ. ಆದರೆ ಗಾಳಿಯಾಡದ ಕೋಣೆಗೆ ಊರ ಹಂಗಿಲ್ಲ.

ಸನತ್‌ನಗರದ ಹೋಟೇಲು ಮಾಲಿಕರೊಬ್ಬರು ಈಚೆಗೆ ನಮ್ಮನ್ನು ಕೇಳಿದರು: “ತೇವ ಹೀರುವ ಯಂತ್ರ ಬಂದಿದೆಯಂತಲ್ಲ, ಒಂದೇ ತಾಸಿನಲ್ಲಿ ಕೋಣೆ ಒಣಗುತ್ತದೆಂದು ಅಂಗಡಿಯವರು ಹೇಳುತ್ತಾರೆ. ಉಗ್ರಾಣಕ್ಕೊಂದು, ಹುಡುಗರ ಕೋಣೆಗೊಂದು ತರಿಸಲೇ?” ಪ್ರಶ್ನೆ ಸಣ್ಣದು. ಆದರೆ ಅದರಲ್ಲಿ ಯಜಮಾನರ ಹಣವೂ ಇದೆ, ಆ ಕೋಣೆಯಲ್ಲಿ ಮಲಗುವ ಆರು ಜನರ ಎದೆಗೂಡೂ ಇದೆ. ಆದುದರಿಂದ ಲೆಕ್ಕಹಾಕಿ ಉತ್ತರಿಸುವುದೇ ಲೇಸೆಂದು ತೋರಿತು.

ಸನತ್‌ನಗರಕ್ಕೆ ಇಂಥ ಯಂತ್ರ ಅಪರಿಚಿತವೇನಲ್ಲ. ಉರ್ದುವಿನಲ್ಲಿ ‘ಸನಅತ್’ ಎಂದರೆ ಉದ್ಯಮ. ಊರಿನ ಹೆಸರೇ ಅದರ ಕಸುಬನ್ನು ಸಾರುತ್ತದೆ. 1942ರಲ್ಲಿ ಸ್ಥಾಪಿತವಾಗಿ ಶೀತಪೆಟ್ಟಿಗೆಗಳಿಗೆ ಹೆಸರಾದ ಹೈದರಾಬಾದ್ ಆಲ್ವಿನ್ ಕಾರ್ಖಾನೆ ಇದ್ದುದು ಇಲ್ಲಿಯೇ. ಪಕ್ಕದ ಬಾಲಾನಗರದ ಕಡೆಗೆ ಸರಕಾರಿ ಸ್ವಾಮ್ಯದ ಐ.ಡಿ.ಪಿ.ಎಲ್. ಔಷಧ ಕಾರ್ಖಾನೆಯಿದ್ದಿತು. ಔಷಧ ತಯಾರಿಸುವವರಿಗೆ ತೇವವೆಂದರೆ ಪರಮ ವೈರಿ. ನೀರಿಗೆ ಹಾಕಿದೊಡನೆ ನೊರೆಯೇಳುವ ಮಾತ್ರೆಗಳನ್ನು ನೂರಕ್ಕೆ 25ಕ್ಕಿಂತ ಕಡಮೆ ಆರ್ದ್ರತೆಯ ಕೋಣೆಯಲ್ಲಿ ಒತ್ತಬೇಕು. ಇಲ್ಲವಾದರೆ ಅವು ತಯಾರಾಗುವಾಗಲೇ ನೊರೆಯೇಳಲು ತೊಡಗುತ್ತವೆ. ಅಷ್ಟು ಒಣಗಾಳಿಯನ್ನು ಕೊಡಬಲ್ಲುದು ತೇವಶೋಷಕ ಯಂತ್ರವೇ.

ಅದರ ಕೆಲಸ ಸರಳ. ಜೇನುಹುಟ್ಟಿನಂತೆ ಕಿಂಡಿಕಿಂಡಿಯಾದ ಒಂದು ಚಕ್ರ. ಅದಕ್ಕೆ ಸಿಲಿಕಾ ಜೆಲ್ ಲೇಪ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಪುಟ್ಟ ಪೊಟ್ಟಣವಾಗಿ ಬರುತ್ತದಲ್ಲ, ಅದೇ ವಸ್ತು. ಚಕ್ರವು ತಾಸಿಗೆ ಹತ್ತಾರು ಸುತ್ತಿನಂತೆ ಮೆಲ್ಲಗೆ ತಿರುಗುತ್ತದೆ. ಸುಮಾರು ಮುಕ್ಕಾಲು ಭಾಗದಲ್ಲಿ ಕೋಣೆಯ ಗಾಳಿ ಹಾದು ತೇವವನ್ನು ಬಿಟ್ಟುಹೋಗುತ್ತದೆ. ಉಳಿದ ಕಾಲುಭಾಗದಲ್ಲಿ ಕಾಯಿಸಿದ ಗಾಳಿ ಹಾದು ಆ ತೇವವನ್ನು ಹೊರಡಿಸುತ್ತದೆ. ಕಾರ್ಖಾನೆಯಲ್ಲಿ ಆ ಬಿಸಿಗಾಳಿ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಮನೆಬಳಕೆಯ ಸಣ್ಣ ಯಂತ್ರದಲ್ಲಿ ನೀರು ತಣಿದು ತೊಟ್ಟಿಗೆ ಬೀಳುತ್ತದೆ, ಬಿಸಿಯು ಕೋಣೆಯಲ್ಲಿಯೇ ಉಳಿಯುತ್ತದೆ.

ಈಗ ಲೆಕ್ಕ. ಉಗ್ರಾಣ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರವೆನ್ನೋಣ. ಒಳಗಿನ ಗಾಳಿ 34 ಘನ ಮೀಟರ್. ಉಷ್ಣತೆ 28 ಡಿಗ್ರಿ, ಆರ್ದ್ರತೆ ನೂರಕ್ಕೆ 85. ಒಂದೊಂದು ಘನ ಮೀಟರಿನಲ್ಲಿಯೂ ಸುಮಾರು 23 ಗ್ರಾಂ ನೀರು ಆವಿಯಾಗಿ ನಿಂತಿದೆ. ಅದನ್ನು 55ಕ್ಕೆ ಇಳಿಸಬೇಕಾದರೆ 15 ಗ್ರಾಂ ಉಳಿಯಬೇಕು. ಎಂದರೆ ಇಡೀ ಕೋಣೆಯ ಗಾಳಿಯಿಂದ ತೆಗೆಯಬೇಕಾದುದು ಸುಮಾರು 280 ಗ್ರಾಂ, ದೊಡ್ಡ ಲೋಟದ ತುಂಬ ನೀರು, ಅಷ್ಟೇ! ದಿನಕ್ಕೆ 7 ಲೀಟರ್ ಎಳೆಯುವ ಸಣ್ಣ ಯಂತ್ರವೂ ತಾಸಿಗೆ ಸುಮಾರು 300 ಗ್ರಾಂ ತೆಗೆಯುತ್ತದೆ. ಅಂಗಡಿಯವರ ‘ಒಂದು ತಾಸು’ ಸುಳ್ಳಲ್ಲವೆಂದಾಯಿತು.

ಆದರೆ ಕೋಣೆಯೆಂದರೆ ಗಾಳಿಯೊಂದೇ ಅಲ್ಲ. 50 ಕಿಲೋದ ಹತ್ತು ಅಕ್ಕಿಮೂಟೆಗಳಿದ್ದರೆ, ಅಕ್ಕಿಯ ತೇವ ನೂರಕ್ಕೆ ಎರಡು ಪಾಲು ಇಳಿಯುವಷ್ಟರಲ್ಲಿ 10 ಲೀಟರ್ ನೀರು ಹೊರಬರಬೇಕು. ಗಾಳಿಯಲ್ಲಿದ್ದುದು ಲೋಟದಷ್ಟು, ಅಕ್ಕಿಯಲ್ಲಿದ್ದುದು ಕೊಡದಷ್ಟು. ಇನ್ನು ಗೋಡೆಯ ಗಾರೆ, ರಟ್ಟಿನ ಪೆಟ್ಟಿಗೆ, ಗೋಣಿ, ಲೆಕ್ಕದ ಪುಸ್ತಕ ಎಲ್ಲವೂ ತಂತಮ್ಮ ಪಾಲನ್ನು ಹಿಡಿದುಕೊಂಡಿರುತ್ತವೆ. ಗಾಳಿ ಒಣಗಿದೊಡನೆ ಅವು ಬಿಡತೊಡಗುತ್ತವೆ, ಅದೂ ಮೂಟೆಯ ನಡುವಿನಿಂದ ಅಂಚಿಗೆ ಮೆಲ್ಲಮೆಲ್ಲನೆ. ಯಂತ್ರವನ್ನು ತಾಸಿನ ಬಳಿಕ ನಿಲ್ಲಿಸಿದರೆ ಮುಳ್ಳು ಮತ್ತೆ ಮೇಲಕ್ಕೇರುವುದು ಇದರಿಂದಲೇ. ಗಾಳಿ ಆರುವುದಕ್ಕೆ ತಾಸು ಸಾಕು. ಸಾಮಾನು ಆರುವುದಕ್ಕೆ ದಿನಗಳು, ಗೋಡೆ ಆರುವುದಕ್ಕೆ ವಾರಗಳು ಬೇಕು.

ಬಾಗಿಲಿನದು ಬೇರೆಯೇ ಕಥೆ. ಸಂದುಗಳಿಂದ ತಾಸಿಗೊಮ್ಮೆ ಕೋಣೆಯ ಗಾಳಿ ಪೂರಾ ಬದಲಾಯಿತೆನ್ನಿ. ಹೊರಗೂ 85 ಇದ್ದರೆ ಅದೇ 280 ಗ್ರಾಂ ಮರಳಿ ಒಳಗೆ ಬಂತು. ಯಂತ್ರ ಎಳೆದಷ್ಟನ್ನೂ ಬಾಗಿಲು ತಂದುಕೊಟ್ಟಿತು! ಅಡಿಗೆ ಭಟ್ಟರು ಬೇಳೆಗೊಮ್ಮೆ, ಮೆಣಸಿಗೊಮ್ಮೆ ಬಾಗಿಲು ತೆರೆಯುವ ಉಗ್ರಾಣದಲ್ಲಿ, ಅದೂ ಪಕ್ಕದಲ್ಲಿಯೇ ಇಡ್ಲಿ ಹಬೆಯಾಡುತ್ತಿರುವಾಗ, ಯಂತ್ರಕ್ಕೆ ಬಿಡುವೆಂಬುದೇ ಇರದು. ಔಷಧದ ಕಾರ್ಖಾನೆಯವರು ಒಂದರ ಹಿಂದೊಂದು ಎರಡು ಬಾಗಿಲಿಟ್ಟು, ಯಂತ್ರವನ್ನು ಹಗಲಿರುಳೂ ನಡೆಸುತ್ತಾರೆ; ಎಷ್ಟು ತಾಸಿನಲ್ಲಿ ಒಣಗುತ್ತದೆಂಬ ಪ್ರಶ್ನೆ ಅವರಿಗೆ ಮುಖ್ಯವಲ್ಲ.

ಇನ್ನೊಂದು ಮಾತನ್ನು ಮಾರುವವರು ಹೇಳುವುದನ್ನು ನಾವು ಕೇಳಿಲ್ಲ. ಶೋಷಕ ಯಂತ್ರ ಕೋಣೆಯನ್ನು ಬಿಸಿಮಾಡುತ್ತದೆ. ಬಿಸಿಗಾಳಿ ಹೆಚ್ಚು ಆವಿಯನ್ನು ಹೊರಬಲ್ಲುದು. ಆದುದರಿಂದ ಒಂದು ಹನಿಯೂ ತೆಗೆಯದಿದ್ದರೂ, ಉಷ್ಣತೆ 28ರಿಂದ 33ಕ್ಕೇರಿದ ಮಾತ್ರದಿಂದ ಮಾಪಕದ ಮುಳ್ಳು 85ರಿಂದ 65ಕ್ಕೆ ಇಳಿಯುತ್ತದೆ. ನೋಡಿದವರು ‘ಆಹಾ’ ಎನ್ನುತ್ತಾರೆ. ಮುಳ್ಳಿನೊಡನೆ ತೊಟ್ಟಿಯ ನೀರನ್ನೂ ಅಳೆದು ನೋಡದೆ ಯಂತ್ರವನ್ನು ಹೊಗಳಕೂಡದು.

ಚಳಿದೇಶಗಳಲ್ಲಿ ಆ ಬಿಸಿಯೇ ವರ. 15 ಡಿಗ್ರಿಗಿಂತ ಕೆಳಗೆ ಇನ್ನೊಂದು ಬಗೆಯ ಯಂತ್ರ, ಎಂದರೆ ಶೀತಪೆಟ್ಟಿಗೆಯಂತೆ ಕಂಪ್ರೆಸರ್ ಉಳ್ಳದ್ದು, ಸೋಲತೊಡಗುತ್ತದೆ. ಅದರ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ನಮ್ಮ ಮಳೆಗಾಲದ 25–30 ಡಿಗ್ರಿಯಲ್ಲಾದರೋ ಕಂಪ್ರೆಸರಿನದೇ ಮೇಲುಗೈ; ಅಷ್ಟೇ ನೀರಿಗೆ ವಿದ್ಯುತ್ತೂ ಕಡಮೆ. ಕೊಳ್ಳುವವರಿಗೆ ಒಂದು ಸೂಚನೆ: ಕಂಪ್ರೆಸರ್ ಯಂತ್ರದ ‘ದಿನಕ್ಕೆ ಇಷ್ಟು ಲೀಟರ್’ ಎಂಬುದು ಸಾಮಾನ್ಯವಾಗಿ 30 ಡಿಗ್ರಿ, ನೂರಕ್ಕೆ 80 ಆರ್ದ್ರತೆಯಲ್ಲಿ ಅಳೆದುದು, ಶೋಷಕದ್ದು ಹೆಚ್ಚಾಗಿ 20 ಡಿಗ್ರಿ, 60ರಲ್ಲಿ ಅಳೆದುದು. ಎರಡೂ ಅಂಕೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಮೋಸಹೋದಂತೆ.

ಹುಡುಗರ ಕೋಣೆಗೆ ಬರೋಣ. ನಮಗೆ ಮುಖ್ಯವೆನಿಸಿದುದು ಇದೇ. ಮಲಗಿದ ಮನುಷ್ಯನ ಉಸಿರಿನಿಂದಲೂ ಬೆವರಿನಿಂದಲೂ ತಾಸಿಗೆ 40–50 ಗ್ರಾಂ ನೀರು ಹೊರಡುತ್ತದೆ. ಅಷ್ಟೇ ಅಗಲದ ಕೋಣೆಯಲ್ಲಿ ಆರು ಮಂದಿ ಮಲಗಿದರೆ ತಾಸಿಗೆ ಸುಮಾರು 270 ಗ್ರಾಂ, ಆ ಯಂತ್ರ ಎಳೆಯುವಷ್ಟೇ. ಮೇಲಾಗಿ ಹಗ್ಗದ ಮೇಲಿನ ಒದ್ದೆ ಅಂಗಿ-ಪಂಚೆಗಳಿವೆ. ಯಂತ್ರವಿದೆಯೆಂದು ಕಿಟಕಿ ಮುಚ್ಚಿದರೆ, ಸೆಕೆ ಹೆಚ್ಚಿ, ಕೆಟ್ಟ ಉಸಿರು ಒಳಗೇ ಸುತ್ತಿ, ಬೆಳಗ್ಗೆ ನಾಲ್ಕಕ್ಕೆ ಏಳಬೇಕಾದ ಹುಡುಗ ತಲೆನೋವಿನೊಡನೆ ಏಳುತ್ತಾನೆ. ಅದರ ಬದಲು ತಾಸಿಗೆ ಆರು ಸಲ ಗಾಳಿ ಬದಲಿಸುವ ಒಂದು ಎಕ್ಸಾಸ್ಟ್ ಪಂಕ ಆರೂ ಜನರ ತೇವವನ್ನು ಹೊರಗೊಯ್ಯುತ್ತದೆ. ಒಳಗಿನ ಗಾಳಿಯಲ್ಲಿ ಹೊರಗಿನದಕ್ಕಿಂತ ಘನ ಮೀಟರಿಗೆ ಒಂದೂವರೆ ಗ್ರಾಂ ಕೂಡ ಹೆಚ್ಚಿರದು. ಬಟ್ಟೆಗೆ ಮಹಡಿಯ ಮೇಲೊಂದು ತಗಡಿನ ಮಾಡು ಹಾಕಿಸಬೇಕು. ಗೋಡೆಯ ಬೂಷ್ಟನ್ನು ಕೆರೆದು ಸುಣ್ಣ ಬಳಿಸಬೇಕು. ಬೂಷ್ಟಿನ ಧೂಳು ಉಬ್ಬಸದವರಿಗೆ ವಿಷಸಮಾನ. ವಾರಗಟ್ಟಲೆ ಕೆಮ್ಮುವ ಸಹೋದ್ಯೋಗಿಗಳನ್ನು ಇ.ಎಸ್.ಐ. ಚೀಟಿಯಿದ್ದರೆ ಸನತ್‌ನಗರದ ಇ.ಎಸ್.ಐ. ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯುವುದು ಯೋಗ್ಯ.

ನಮ್ಮ ಹಿರಿಯರೂ ಈ ಶಾಸ್ತ್ರವನ್ನು ಅರಿಯದವರಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಅಡಕೆ, ಕೊಬ್ಬರಿ, ಹಪ್ಪಳದ ಡಬ್ಬಿ ಇಡುತ್ತಿದ್ದುದು ಬಿಸಿಗಾಳಿಯ ಉಪಾಯವಲ್ಲದೆ ಮತ್ತೇನು? ಬಿಗಿಮುಚ್ಚಳದ ಡಬ್ಬಿಯಲ್ಲಿ ಕಾಫಿಪುಡಿಗೋ ಹಪ್ಪಳಕ್ಕೋ ಸಿಲಿಕಾ ಜೆಲ್ ಪೊಟ್ಟಣ ಬಲು ಉಪಯುಕ್ತ. ಇಡೀ ಕೋಣೆಗಾದರೆ ಒಂದು ಕಿಲೋ ಇಟ್ಟರೂ ಅದು ಹೀರುವುದು ಹೆಚ್ಚೆಂದರೆ ಆ ಒಂದು ಲೋಟ ನೀರನ್ನೇ.

ಮಾಲಿಕರಿಗೆ ನಾವು ಹೇಳಿದುದಿಷ್ಟು: ಹುಡುಗರ ಕೋಣೆಗೆ ಯಂತ್ರ ಬೇಡ, ಪಂಕ ಹಾಕಿಸಿರಿ. ಉಗ್ರಾಣಕ್ಕೆ ಬೇಕೇಬೇಕೆಂದರೆ ಕಂಪ್ರೆಸರಿನದನ್ನು ತರಿಸಿ, ಮೊದಲು ಬಾಗಿಲಿನ ಸಂದು ಮುಚ್ಚಿಸಿರಿ, ಮೂಟೆಗಳನ್ನು ಗೋಡೆಯಿಂದ ಗೇಣುದೂರ ಸರಿಸಿ ಹಲಗೆಯ ಮೇಲಿಡಿಸಿರಿ. ಮಾಪಕವನ್ನು ಯಂತ್ರದ ಬಾಯಿಗೆ ಎದುರಾಗಿ ಇಡದೆ ಮೂಟೆಗಳ ನಡುವೆ ಇಟ್ಟು, ಯಂತ್ರ ನಿಲ್ಲಿಸಿದ ಮರುದಿನ ಬೆಳಗ್ಗೆ ಅದು ಏನು ತೋರಿಸುತ್ತದೆಂಬುದನ್ನು ಬರೆದಿಡಿರಿ.