ಹಗೇವಿಗೆಷ್ಟು, ಪೇಟೆಗೆಷ್ಟು

ಉಣ್ಣಲು ಬೆಳೆದರೆ ಹೊಟ್ಟೆಪಾಡಿನ ಬೇಸಾಯ, ಮಾರಲು ಬೆಳೆದರೆ ವಾಣಿಜ್ಯ ಬೇಸಾಯ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಕರ್ನೂಲು ಜಿಲ್ಲೆಯ ಪಡುವಣದ ಆದವಾನಿ, ಆಲೂರು, ಹೊಳಗುಂದದ ಎರೆಹೊಲಗಳಲ್ಲಿ ಈ ಎರಡೂ ಒಂದೇ ಬದುವಿನೊಳಗೆ ಇದ್ದವು. ನವಣೆಯ ಜೊತೆ ಹತ್ತಿ ಬಿತ್ತುವುದು ಈ ಸೀಮೆಯ ಹಳೆಯ ರೂಢಿ. ಮೂರು ತಿಂಗಳಿಗೆ ನವಣೆ ಕೊಯ್ಲಾಗಿ ಮನೆ ಸೇರಿದರೆ, ಉಳಿದ ಹೊಲ ಹತ್ತಿ ಗಿಡದ ಪಾಲು. ಹಾಗಾಗಿ ಯಾರು ಯಾವ ಬಗೆಯ ರೈತ ಎಂದು ಗುರುತಿಸಲು ಬೆಳೆಯ ಹೆಸರು ಸಾಲದು. ಅವನು ಯಾವುದಕ್ಕೆ ಅಂಜುತ್ತಾನೆ ಎಂದು ಕೇಳಬೇಕು. ಉಣ್ಣಲು ಬೆಳೆಯುವವನಿಗೆ ಮಳೆಯದೇ ಅಂಜಿಕೆ. ಮಾರಲು ಬೆಳೆಯುವವನಿಗೆ ಮಳೆಯ ಜೊತೆಗೆ ಧಾರಣೆಯದೂ ಇದೆ.

ಉಣ್ಣಲು ಬೆಳೆಯುವ ಜೋಳದ ಲೆಕ್ಕ ನೋಡಿ. ತೆನೆ ಮನೆಗೆ, ಸೊಪ್ಪೆ ಎತ್ತಿಗೆ, ಎತ್ತಿನ ಗೊಬ್ಬರ ತಿರುಗಿ ಹೊಲಕ್ಕೆ, ಗಟ್ಟಿ ಕಾಳು ಮುಂದಿನ ಬಿತ್ತನೆಗೆ. ಮಿಕ್ಕಿದ್ದು ಹಗೇವಿಗೆ. ನೆಲ ತೋಡಿ, ಒಳಗೆ ಹುಲ್ಲು ಹಾಸಿ, ಗಾಳಿ ಆಡದಂತೆ ಬಾಯಿ ಮುಚ್ಚಿದ ಆ ಗುಂಡಿಯಲ್ಲಿ ಒಳ್ಳೆಯ ವರ್ಷದ ಕಾಳು ಕೆಟ್ಟ ವರ್ಷಕ್ಕೆ ಕಾದಿರುತ್ತಿತ್ತು. ಹತ್ತಿಯನ್ನೂ ಮನೆಯಲ್ಲಿ ಒಟ್ಟಬಹುದು. ಆದರೆ ಅದನ್ನು ಉಣ್ಣಲಾಗದು, ಸಾಲದ ಬಡ್ಡಿ ಅತ್ತ ಏರುತ್ತಲೇ ಇರುತ್ತದೆ.

ಹಾಗಿದ್ದರೆ ಹತ್ತಿ ಯಾಕೆ? ಕಂದಾಯಕ್ಕೆ ರೊಕ್ಕ ಬೇಕಿತ್ತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದವನು ಥಾಮಸ್ ಮನ್ರೊ. ಅವನ ಹೆಸರಿನೊಂದಿಗೇ ಬೆಸೆದುಕೊಂಡಿರುವ ರೈತವಾರಿ ಪದ್ಧತಿ ಕಂದಾಯವನ್ನು ಒಬ್ಬೊಬ್ಬ ರೈತನ ಹೆಸರಿಗೇ ಬರೆಯಿತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾದಾಗ ಭಾರತದ ಹತ್ತಿಗೆ ಬೆಲೆ ಏರಿತು. ಯುದ್ಧ ಮುಗಿದೊಡನೆ ಇಳಿಯಿತು. 1871ರ ಹೊತ್ತಿಗೆ ಮದ್ರಾಸಿನ ರೈಲು ಆದವಾನಿ ದಾಟಿ ರಾಯಚೂರಿನಲ್ಲಿ ಬೊಂಬಾಯಿಯ ಹಳಿಗೆ ಕೂಡಿತು.

ಅದಾಗಿ ಐದೇ ವರ್ಷಕ್ಕೆ, 1876ರಲ್ಲಿ, ಮಹಾಕ್ಷಾಮ. ಆದವಾನಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು (ಆಂಧ್ರದ ಪಾಲಾದದ್ದು 1953ರಲ್ಲಿ). ಬಳ್ಳಾರಿ, ಕರ್ನೂಲು ಎರಡೂ ತೀರ ನಲುಗಿದ ಜಿಲ್ಲೆಗಳು. ರೈಲು ಕಾಳು ತಂದಿತು, ನಿಜ. ಕೈಯಲ್ಲಿ ರೊಕ್ಕವಿಲ್ಲದವನಿಗೆ ಅದು ಸಿಗುವಂತಿರಲಿಲ್ಲ. ಹಗೇವುಗಳೂ ಬರಿದಾದವು. ಹಳೆಯ ಬೇಸಾಯವನ್ನು ಸ್ವರ್ಗವೆಂದು ಹಾಡುವವರು ಆ ಕ್ಷಾಮದ ವರ್ಷಗಳನ್ನು ಮರೆತಿರುತ್ತಾರೆ.

ಬರಬರುತ್ತ ಜೋಳ ಹಿಂದೆ ಸರಿಯಿತು. ಅದನ್ನು ಹೊಲದಿಂದ ಹೊರಗೆ ಹಾಕಿದ್ದು ಹತ್ತಿಯೊಂದೇ ಅಲ್ಲ. ನನ್ನ ಎಣಿಕೆಯಲ್ಲಿ ಅಕ್ಕಿಗೂ ಅದರಲ್ಲಿ ದೊಡ್ಡ ಪಾಲಿದೆ. 1983ರಲ್ಲಿ ಆಂಧ್ರದ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡಲು ತೊಡಗಿತು. ಊಟ ರೇಷನ್ ಅಂಗಡಿಯಿಂದ ಬರುವುದಾದರೆ ಹೊಲವನ್ನು ಪೂರ್ತಿ ಮಾರಾಟದ ಬೆಳೆಗೆ ಬಿಡಬಹುದಲ್ಲ! ಬಡವರ ಹೊಟ್ಟೆಗೆ ಅದು ಆಸರೆಯಾಯಿತು, ಅದನ್ನು ಹಳಿಯಲಾಗದು. ಆದರೆ ಜೋಳ ಹೋದಲ್ಲಿ ಸೊಪ್ಪೆ ಹೋಯಿತು, ಸೊಪ್ಪೆಯ ಹಿಂದೆ ಎತ್ತು, ಎತ್ತಿನ ಹಿಂದೆ ಗೊಬ್ಬರ. ಟ್ರ್ಯಾಕ್ಟರ್ ಬಾಡಿಗೆ, ಯೂರಿಯಾ, ಔಷಧಿ ಎಲ್ಲಕ್ಕೂ ಈಗ ರೊಕ್ಕ. 2002ರಲ್ಲಿ ಒಪ್ಪಿಗೆ ಪಡೆದ ಬಿ.ಟಿ. ಹತ್ತಿ ಬಂದ ಮೇಲೆ ಬೀಜವೂ ವರ್ಷವರ್ಷ ಅಂಗಡಿಯದೇ. ಹೈಬ್ರಿಡ್ಡಿನ ಬೀಜ ಎತ್ತಿಟ್ಟು ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ. ಬಿತ್ತುವ ಮೊದಲೇ ದಲ್ಲಾಳಿ ಅಂಗಡಿಯಲ್ಲಿ ಮುಂಗಡ ತಂದವನು ಹತ್ತಿಯನ್ನೂ ಅದೇ ಅಂಗಡಿಗೆ ಇಳಿಸಬೇಕಾಗುತ್ತದೆ.

ಆದವಾನಿಯ ಹತ್ತಿ ಮಾರುಕಟ್ಟೆ ಆಂಧ್ರದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಲ್ಲಿಗೆ ಬಂದ ಒಂದು ಕ್ವಿಂಟಲ್ ಹತ್ತಿ ಜಿನ್ನಿಂಗ್ ಆದರೆ ಸಿಗುವ ಅರಳೆ ಮೂರನೆಯ ಒಂದು ಪಾಲಿನಷ್ಟು, ಉಳಿದದ್ದು ಹೆಚ್ಚುಕಡಿಮೆ ಬೀಜವೇ. 2025–26ಕ್ಕೆ ಉದ್ದ ಎಳೆಯ ಹತ್ತಿಗೆ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಅಷ್ಟೂ ಸಿಗಬೇಕಾದರೆ ತೇವ ಶೇ. 8 ಮೀರಬಾರದು, ಶೇ. 12 ದಾಟಿದರೆ ಭಾರತೀಯ ಹತ್ತಿ ನಿಗಮ ಕೊಳ್ಳುವುದೇ ಇಲ್ಲ. ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಖಾಸಗಿ ವ್ಯಾಪಾರಿ ಹೇಳಿದ್ದೇ ಬೆಲೆ. ಅದೇ 2025ರ ಆಗಸ್ಟಿನಲ್ಲಿ, ಹತ್ತಿ ಇನ್ನೂ ಹೊಲದಲ್ಲಿರುವಾಗಲೇ, ಹೊರದೇಶದ ಹತ್ತಿಯ ಮೇಲಿನ ಶೇ. 11ರ ಆಮದು ಸುಂಕವನ್ನು ದಿಲ್ಲಿ ವರ್ಷದ ಕೊನೆಯವರೆಗೆ ತೆಗೆದುಹಾಕಿತು. ಹೊಳಗುಂದದ ರೈತ ಮುಗಿಲು ನೋಡಿದರೆ ಇದು ತಿಳಿಯುತ್ತದೆಯೇ?

ಇನ್ನು ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಸಿಗುವಲ್ಲಿ ಬೆಳೆಯುವ ಭತ್ತ ಹೆಸರಿಗೆ ಆಹಾರದ ಬೆಳೆ, ಹೆಚ್ಚಿನದೆಲ್ಲ ಮಾರಾಟಕ್ಕೆ. ಪತ್ತಿಕೊಂಡದ ಟೊಮೇಟೊಗಂತೂ ಧಾರಣೆ ಬಿದ್ದ ವಾರ ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲ.

ಕಾಲುವೆ ಮುಟ್ಟದ ಕೋಸಿಗಿ, ಕೌತಾಳದ ಹಳ್ಳಿಗಳಿಂದ ಸುಗ್ಗಿ ಮುಗಿದೊಡನೆ ಎಷ್ಟೋ ಮನೆಮಂದಿ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಅವರಲ್ಲಿ ಎರಡು ಮೂರು ಎಕರೆ ಹೊಲ ಉಳ್ಳವರೂ ಇದ್ದಾರೆ. ಊರಲ್ಲಿ ಹತ್ತಿ ಮಾರುವ ರೈತರು, ಗುಂಟೂರಿನಲ್ಲಿ ಇನ್ನೊಬ್ಬ ರೈತನ ಮಾರಾಟದ ಬೆಳೆಗೆ ಕೂಲಿಗಳು.