ಹತ್ತು ನಿಮಿಷಕ್ಕೆ ಐದು ಸಾವಿರ ಪುಟ

1972ರ ಜನವರಿ 30, ಭಾನುವಾರ. ಉತ್ತರ ಐರ್ಲೆಂಡಿನ ಡೆರಿ ಊರಲ್ಲಿ ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟಿತ್ತು. ಬ್ರಿಟಿಷ್ ಪ್ಯಾರಾಶೂಟ್ ರೆಜಿಮೆಂಟಿನ ಸೈನಿಕರು ಬಾಗ್‌ಸೈಡ್ ಎಂಬ ಕ್ಯಾಥೊಲಿಕ್ ಬಡಾವಣೆಗೆ ನುಗ್ಗಿ ಗುಂಡು ಹಾರಿಸಿದರು. ಎಲ್ಲ ಮುಗಿಯಲು ಹಿಡಿದದ್ದು ಹತ್ತು ನಿಮಿಷದಷ್ಟು. ಹಾರಿದ್ದು ನೂರಕ್ಕೂ ಹೆಚ್ಚು ಗುಂಡು, ಬಿದ್ದದ್ದು 13 ಹೆಣ. ಅವರಲ್ಲಿ ಆರು ಜನರ ವಯಸ್ಸು 17.

ನ್ಯಾಯಮೂರ್ತಿ ಲಾರ್ಡ್ ವಿಜರಿ ವಿಚಾರಣೆ ನಡೆಸಿ, ಹನ್ನೊಂದೇ ವಾರಗಳಲ್ಲಿ ನಲವತ್ತು ಪುಟಗಳ ಆಸುಪಾಸಿನ ವರದಿ ಬರೆದು, ಸೈನಿಕರನ್ನು ಬಹುಮಟ್ಟಿಗೆ ಪಾರು ಮಾಡಿದರು. ಸತ್ತವರ ಮನೆಯವರು ಪಟ್ಟು ಬಿಡಲಿಲ್ಲ. 1998ರಲ್ಲಿ ಲಾರ್ಡ್ ಸಾವಿಲ್ ಮತ್ತೆ ವಿಚಾರಣೆಗೆ ಕೂತರು. ಈ ಸಲ 900ಕ್ಕೂ ಹೆಚ್ಚು ಸಾಕ್ಷಿಗಳು, 12 ವರ್ಷ, ಸುಮಾರು 5,000 ಪುಟ, 19 ಕೋಟಿ ಪೌಂಡಿಗೂ ಮೀರಿದ ಖರ್ಚು. ಇಷ್ಟೆಲ್ಲ ಆಗಿ ಹೊರಬಿದ್ದ ತೀರ್ಮಾನ ಒಂದೇ ಸಾಲಿನದು: ಗುಂಡೇಟು ತಿಂದವರಲ್ಲಿ ಯಾರೂ ಸೈನಿಕರ ಜೀವಕ್ಕೆ ಅಪಾಯ ಒಡ್ಡಿರಲಿಲ್ಲ. 2010ರ ಜೂನ್ 15ರಂದು ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅಷ್ಟರಲ್ಲಿ 38 ವರ್ಷ ಕಳೆದಿತ್ತು.

ಹತ್ತು ನಿಮಿಷದ ಲೆಕ್ಕ ಇದಾದರೆ, ಅದನ್ನೂ ಒಳಗೊಂಡ ಮೂವತ್ತು ವರ್ಷದ ಸಂಘರ್ಷದ್ದು? ಆಗ ಉತ್ತರ ಐರ್ಲೆಂಡಿನ ಜನಸಂಖ್ಯೆ ಹದಿನೈದು ಲಕ್ಷ. 1960ರ ದಶಕದ ಕೊನೆಯಿಂದ 1998ರವರೆಗೆ ಸತ್ತವರು 3,500ಕ್ಕೂ ಹೆಚ್ಚು, ಗಾಯಗೊಂಡವರು 40,000ಕ್ಕೂ ಮೇಲೆ. ಇಡೀ ಬ್ರಿಟನ್ನಿನಲ್ಲಿ ಇದೇ ಪ್ರಮಾಣದಲ್ಲಿ ಸಾವಾಗಿದ್ದರೆ ಸತ್ತವರ ಸಂಖ್ಯೆ ಲಕ್ಷ ದಾಟುತ್ತಿತ್ತು. ಆಗ ಲಂಡನ್ ಇಷ್ಟು ನಿಧಾನವಾಗಿ ಕಣ್ಣು ತೆರೆಯುತ್ತಿತ್ತೇ ಎಂಬುದು ನನ್ನ ಅನುಮಾನ. ಸೈನಿಕರ ಗುಂಡಷ್ಟನ್ನೇ ಎಣಿಸಿದರೂ ಲೆಕ್ಕ ತಪ್ಪುತ್ತದೆ. ನೂರರಲ್ಲಿ ಸುಮಾರು ಅರವತ್ತು ಸಾವು ಐರ್ಲೆಂಡ್ ಒಂದಾಗಬೇಕೆಂದು ಹೋರಾಡಿದ ಐಆರ್‌ಎಯಂಥ ಗಣರಾಜ್ಯವಾದಿ ಸಶಸ್ತ್ರ ಗುಂಪುಗಳಿಂದ, ಮೂವತ್ತರಷ್ಟು ಬ್ರಿಟನ್ ನಿಷ್ಠ ಸಶಸ್ತ್ರ ಗುಂಪುಗಳಿಂದ, ಹತ್ತರಷ್ಟು ಭದ್ರತಾ ಪಡೆಗಳಿಂದ ಆದವು. 1972ರ ಜುಲೈ 21ರಂದು ಐಆರ್‌ಎ ಬೆಲ್‌ಫಾಸ್ಟ್ ನಗರವೊಂದರಲ್ಲೇ ಒಂದೂವರೆ ಗಂಟೆಯೊಳಗೆ ಇಪ್ಪತ್ತರಷ್ಟು ಬಾಂಬ್ ಸಿಡಿಸಿ ಒಂಬತ್ತು ಜನರನ್ನು ಕೊಂದಿತು.

ಇದೆಲ್ಲ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟರ ನಡುವೆ ಪೋಪನ ವಿಷಯದ ಜಗಳವೆಂದು ತಿಳಿದವರು ಡೆರಿ ನಗರಸಭೆಯ ಮತಪಟ್ಟಿ ನೋಡಬೇಕು. 1921ರಲ್ಲಿ ಐರ್ಲೆಂಡನ್ನು ಒಡೆದಾಗ, ಪ್ರಾಟೆಸ್ಟೆಂಟರು ಮೂರರಲ್ಲಿ ಎರಡು ಪಾಲು ಇರುವಂತೆ ಆರು ಕೌಂಟಿಗಳನ್ನು ಬ್ರಿಟನ್ನಿಗೆ ಉಳಿಸಿಕೊಳ್ಳಲಾಯಿತು. ಡೆರಿಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. 1960ರ ದಶಕದಲ್ಲಿ ಅಲ್ಲಿ ಕ್ಯಾಥೊಲಿಕ್ ಮತದಾರರು 14,000ಕ್ಕೂ ಹೆಚ್ಚು, ಉಳಿದವರು 9,000ಕ್ಕೂ ಕಡಿಮೆ. ಗೆಲ್ಲುವವರು ಯಾರು? ಉಳಿದವರೇ! ಹತ್ತು ಸಾವಿರ ಕ್ಯಾಥೊಲಿಕ್ ಮತಗಳನ್ನು ಒಂದೇ ವಾರ್ಡಿಗೆ ತುಂಬಿ ಎಂಟು ಸ್ಥಾನ ಕೊಟ್ಟರು. ಇನ್ನೆರಡು ವಾರ್ಡುಗಳಲ್ಲಿ ಹನ್ನೆರಡು ಸ್ಥಾನಗಳು ಬ್ರಿಟನ್ ಜೊತೆಗೇ ಇರಬೇಕೆನ್ನುವ ಯೂನಿಯನಿಸ್ಟರಿಗೆ. ಮೇಲಾಗಿ ನಗರಸಭೆಗೆ ಮತ ಹಾಕುವ ಹಕ್ಕಿದ್ದದ್ದು ಮನೆ ಹಿಡಿದವರಿಗೆ ಮತ್ತು ಅವರ ಸಂಗಾತಿಗೆ. ಅಂದರೆ ಒಂದು ಕುಟುಂಬಕ್ಕೆ ಮನೆ ಮಂಜೂರು ಮಾಡಿದರೆ ಎರಡು ಮತ ಕೊಟ್ಟಂತೆ. ಮನೆ ಹಂಚುವುದು ನಗರಸಭೆಯ ಕೈಯಲ್ಲಿತ್ತು.

1969ರಲ್ಲಿ ಬೆಲ್‌ಫಾಸ್ಟಿನ ಬೀದಿಗಳು ಹೊತ್ತಿ ಉರಿದಾಗ ಸೈನ್ಯ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಬಡಾವಣೆಗಳ ನಡುವೆ ಮುಳ್ಳುತಂತಿ ಎಳೆಯಿತು. ಇದು ತೀರಾ ತಾತ್ಕಾಲಿಕ, ಇಲ್ಲಿ ಬರ್ಲಿನ್ ಗೋಡೆ ಏಳುವುದಿಲ್ಲ ಎಂದು ಜನರಲ್ ಇಯಾನ್ ಫ್ರೀಲ್ಯಾಂಡ್ ಭರವಸೆ ಕೊಟ್ಟರು. ಬರ್ಲಿನ್ ಗೋಡೆ 28 ವರ್ಷಕ್ಕೆ ಬಿತ್ತು. ಇಲ್ಲಿನ ‘ಪೀಸ್ ವಾಲ್’ಗಳು ಐವತ್ತು ವರ್ಷ ದಾಟಿವೆ, ಒಟ್ಟು ಉದ್ದ 30 ಕಿಲೋಮೀಟರಿಗೂ ಹೆಚ್ಚು. ಕೆಲವು ಗೋಡೆಗಳ ಗೇಟಿಗೆ ಈಗಲೂ ರಾತ್ರಿ ಬೀಗ ಬೀಳುತ್ತದೆ.

ಈ ಎಲ್ಲದಕ್ಕೂ ಕೊನೆ ಹಾಡಲು ಹೊರಟ 1998ರ ಏಪ್ರಿಲ್ 10ರ ಗುಡ್ ಫ್ರೈಡೆ ಒಪ್ಪಂದ ಮೂವತ್ತೈದು ಪುಟಗಳಷ್ಟರದು. ಮಾತುಕತೆ ನಡೆಸಿದ ಅಮೆರಿಕದ ಜಾರ್ಜ್ ಮಿಚೆಲ್, 700 ದಿನ ಸೋತು ಒಂದು ದಿನ ಗೆದ್ದೆವು ಎಂದು ಹೇಳಿಕೊಂಡವರು. ಮೇ 22ರ ಜನಮತದಲ್ಲಿ ಉತ್ತರ ಐರ್ಲೆಂಡಿನಲ್ಲಿ ಶೇ. 71, ದಕ್ಷಿಣದ ಐರ್ಲೆಂಡ್ ಗಣರಾಜ್ಯದಲ್ಲಿ ಶೇ. 94 ಮಂದಿ ಒಪ್ಪಿದರು. ಒಪ್ಪಿದ್ದಕ್ಕೆ ತೆತ್ತ ಬೆಲೆಯೂ ಕಮ್ಮಿಯಲ್ಲ: ಸಶಸ್ತ್ರ ಗುಂಪುಗಳ 400ಕ್ಕೂ ಹೆಚ್ಚು ಕೈದಿಗಳು ಎರಡು ವರ್ಷದೊಳಗೆ ಹೊರಬಂದರು. ಅಪ್ಪನನ್ನು ಕೊಂದವನು ಪೇಟೆಯಲ್ಲಿ ಎದುರಾಗಬಹುದು ಎಂಬುದನ್ನು ಎಷ್ಟೋ ಮನೆಗಳು ನುಂಗಿಕೊಳ್ಳಬೇಕಾಯಿತು. ಆಗಸ್ಟಿನಲ್ಲೇ ಒಪ್ಪಂದ ಒಪ್ಪದ ಬಣವೊಂದು ಓಮಾ ಊರಿನಲ್ಲಿ ಬಾಂಬಿಟ್ಟು 29 ಜನರನ್ನು ಕೊಂದಿತು. ಆದರೂ ಒಪ್ಪಂದ ಮುರಿಯಲಿಲ್ಲ. 2007ರ ಮೇನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿ ಇಯಾನ್ ಪೈಸ್ಲಿ ಮತ್ತು ಐಆರ್‌ಎಯ ಮಾಜಿ ಮುಖಂಡ ಮಾರ್ಟಿನ್ ಮೆಕ್‌ಗಿನ್ನೆಸ್ ಒಂದೇ ಸರ್ಕಾರದಲ್ಲಿ ಕೂತರು. ಜುಲೈ 31ಕ್ಕೆ ಸೈನ್ಯದ 38 ವರ್ಷದ ಕಾರ್ಯಾಚರಣೆ ಮುಗಿಯಿತು.

ಪೀಸ್ ವಾಲ್‌ಗಳನ್ನು 2023ರೊಳಗೆ ಕೆಡವುತ್ತೇವೆಂದು ಉತ್ತರ ಐರ್ಲೆಂಡಿನ ಸರ್ಕಾರ 2013ರಲ್ಲಿ ಹೇಳಿತ್ತು. ಗಡುವು ದಾಟಿತು, ಬಹುಪಾಲು ಗೋಡೆಗಳು ನಿಂತೇ ಇವೆ. ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಕೂರಿಸುವ ಮೊದಲ ಶಾಲೆ ಲ್ಯಾಗನ್ ಕಾಲೇಜು ಬೆಲ್‌ಫಾಸ್ಟಿನಲ್ಲಿ 1981ರಲ್ಲಿ 28 ಮಕ್ಕಳೊಂದಿಗೆ ಶುರುವಾಯಿತು. ನಲವತ್ತು ವರ್ಷಗಳ ನಂತರವೂ ಇಂಥ ಶಾಲೆಗಳಿಗೆ ಹೋಗುವ ಮಕ್ಕಳು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ.