ವಾರದ ಮೊತ್ತವೇ ಸಂಬಳವಲ್ಲ
(ಟ್ರಾವೆಲ್ ನರ್ಸ್ ಕರಾರುಪತ್ರವನ್ನು ಓದುವ ಬಗೆ)



ಅಡಿಕೆ ಧಾರಣೆ, ಕೊಳೆರೋಗ, ಕಾಫಿ ಕಾಯಿಕೊರಕದ ವಿಚಾರಗಳನ್ನು ಬಿಟ್ಟು ಈ ಸಲ ಅಮೆರಿಕದ ನರ್ಸ್‌ಗಳ ಸಂಬಳದ ಮಾತನ್ನೇಕೆ ಎತ್ತಿದ್ದೇವೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಶಿವಮೊಗ್ಗ, ಭದ್ರಾವತಿಗಳ ನರ್ಸಿಂಗ್ ಶಾಲೆಗಳಲ್ಲಿ ಓದಿ ಪರದೇಶ ಸೇರಿದ ಹೆಣ್ಣುಮಕ್ಕಳು ನಮ್ಮ ಸದಸ್ಯರ ಮನೆಗಳಲ್ಲೂ ಇದ್ದಾರೆ. ಅವರ ಸಂಬಳವನ್ನು ನಂಬಿ ಇಲ್ಲಿ ತೋಟದ ಮೇಲೆ ಸಾಲ ಎತ್ತುವ ಪ್ರಸಂಗಗಳೂ ನಮ್ಮ ಮೇಜಿನ ಮುಂದೆ ಬರುತ್ತಿವೆ. ಆದ್ದರಿಂದ ಇದು ಸಂಘದ ವಿಚಾರವೇ ಆಗಿದೆ.

ಕಳೆದ ಕೊಯ್ಲಿನ ಹೊತ್ತಿನಲ್ಲಿ ಭದ್ರಾವತಿ ತಾಲ್ಲೂಕಿನ ಸದಸ್ಯರೊಬ್ಬರು ಕಚೇರಿಗೆ ಬಂದರು. ಎರಡು ಎಕರೆ ತೋಟದವರು. ಮಗಳು ಕೆಲವು ವರ್ಷಗಳಿಂದ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಖಾಯಂ ನರ್ಸ್; ಅಲ್ಲಿ ನೆಲೆಸುವ ಹಸಿರು ಕಾರ್ಡೂ ಆಗಿದೆ. ಈಗ ಖಾಯಂ ಕೆಲಸ ಬಿಟ್ಟು ಏಜೆನ್ಸಿಯ ಮೂಲಕ ಊರಿಂದೂರಿಗೆ ಹೋಗುವ 'ಟ್ರಾವೆಲ್ ನರ್ಸ್' ಆಗುವ ಯೋಚನೆ. ವಾರಕ್ಕೆ 2,100 ಡಾಲರ್ ಎಂದು ಏಜೆನ್ಸಿಯ ಪತ್ರದಲ್ಲಿತ್ತು. ಪಕ್ಕದ ಒಂದು ಎಕರೆ ತೋಟ ಮಾರಾಟಕ್ಕೆ ಬಂದಿದೆ, ಇರುವ ತೋಟವನ್ನು ಆಧಾರ ಮಾಡಿ ಸಾಲ ಎತ್ತಿ ಅದನ್ನು ಕೊಂಡರೆ ಹೇಗೆ ಎಂಬುದು ತಂದೆಯ ಪ್ರಶ್ನೆ.

ನಿಜ ಹೇಳಬೇಕೆಂದರೆ ಮೊದಲು ತಪ್ಪಿದವರು ನಾವೇ. ಕಾಗದ ಎಳೆದುಕೊಂಡು 2,100ನ್ನು 52 ವಾರಗಳಿಂದ ಗುಣಿಸಿದೆವು; 1,09,200 ಡಾಲರ್ ಬಂತು. ಡಾಲರಿಗೆ 85 ರೂಪಾಯಿ ಹಿಡಿದರೆ 92 ಲಕ್ಷ 82 ಸಾವಿರ. ಇಬ್ಬರೂ ಆ ಅಂಕಿಯನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಅನಂತರ ಪತ್ರವನ್ನು ಪೂರ್ತಿ ಓದಿದೆವು, ಮಗಳೊಡನೆ ಫೋನಿನಲ್ಲಿ ಮಾತಾಡಿದೆವು, ತಿಳಿದವರನ್ನು ವಿಚಾರಿಸಿದೆವು. ಅದರ ಸಾರ ಇಲ್ಲಿದೆ.

ಭದ್ರಾವತಿಯ ಸಂಬಳ ಚೀಟಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೋ ಕಾಗದದ ಕಾರ್ಖಾನೆಯಲ್ಲೋ ದುಡಿದವರಿಗೆ ವಿಷಯದ ಮೂಲ ಹೊಸದಲ್ಲ. ಅಂದಿನ ಸಂಬಳ ಚೀಟಿಯಲ್ಲಿ ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಂದು ಬೇರೆ ಬೇರೆ ಕಲಮುಗಳಿದ್ದವು. ಕೈಗೆ ಬರುವಾಗ ಎಲ್ಲವೂ ಒಂದೇ ಹಣ. ಆದರೆ ಭವಿಷ್ಯನಿಧಿ, ಗ್ರಾಚ್ಯುಟಿಗಳು ಲೆಕ್ಕವಾಗುತ್ತಿದ್ದುದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ; ಬಾಡಿಗೆ ಭತ್ಯೆ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಅನುಭವಸ್ಥ ಕಾರ್ಮಿಕ ಮೊತ್ತವನ್ನು ನೋಡುವ ಮೊದಲು ಮೂಲ ವೇತನವನ್ನು ನೋಡುತ್ತಿದ್ದ. ಟ್ರಾವೆಲ್ ನರ್ಸ್ ಪತ್ರವನ್ನು ಓದುವ ಬಗೆಯೂ ಇದೇ.

ಮೊತ್ತದೊಳಗೆ ಏನಿದೆ?

ಈ ಕೆಲಸ ಸಾಮಾನ್ಯವಾಗಿ 13 ವಾರದ ಕರಾರು. ವಾರಕ್ಕೆ 12 ಗಂಟೆಯ ಮೂರು ಪಾಳಿ, ಅಂದರೆ 36 ಗಂಟೆ. ಆಸ್ಪತ್ರೆ ನರ್ಸ್‌ಗೆ ನೇರವಾಗಿ ಕೊಡುವುದಿಲ್ಲ. ಗಂಟೆಗೆ ಇಷ್ಟೆಂದು ಏಜೆನ್ಸಿಗೆ ಕೊಡುತ್ತದೆ. ಇದಕ್ಕೆ ಬಿಲ್ ರೇಟ್ ಎನ್ನುತ್ತಾರೆ. ಏಜೆನ್ಸಿ ತನ್ನ ಖರ್ಚು, ವಿಮೆ, ಲಾಭ ಮುರಿದುಕೊಂಡು ಉಳಿದದ್ದನ್ನು ನರ್ಸ್‌ಗೆ ಹಂಚುತ್ತದೆ. ಬೆಳೆಗಾರನಿಗೂ ಪೇಟೆಗೂ ನಡುವೆ ಮಂಡಿ ಇದ್ದಂತೆ. ಮಂಡಿಯವನ ಪಟ್ಟಿಯನ್ನು ನಾವು ಸಾಲುಸಾಲಾಗಿ ಓದುತ್ತೇವೆ, ಅಲ್ಲವೇ? ಇಲ್ಲಿಯೂ ಹಾಗೆಯೇ ಓದಬೇಕು.

ನಾವು ನೋಡಿದ ಪತ್ರದ ವಾರದ ವಿಂಗಡಣೆ ಹೀಗಿತ್ತು:

ಗಂಟೆಯ ಕೂಲಿ, 25 ಡಾಲರಿನಂತೆ 36 ಗಂಟೆಗೆ: 900
ವಸತಿ ಭತ್ಯೆ: 800
ಊಟ ಮತ್ತು ಕೈಖರ್ಚಿನ ಭತ್ಯೆ: 400
ಒಟ್ಟು: 2,100

ಇದರಲ್ಲಿ ತೆರಿಗೆ ಬೀಳುವ ಸಂಬಳ 900 ಮಾತ್ರ. ಮಿಕ್ಕ 1,200 ತೆರಿಗೆಯಿಲ್ಲದ ಭತ್ಯೆ. ಈ ಭತ್ಯೆಗೆ ಮಿತಿಯಿದೆ. ಅಮೆರಿಕ ಸರ್ಕಾರ ತನ್ನ ನೌಕರರ ಪ್ರವಾಸಕ್ಕಾಗಿ ಊರಿಗೊಂದು ದಿನಭತ್ಯೆಯ ದರ ಕಟ್ಟುತ್ತದೆ. ಏಜೆನ್ಸಿಗಳು ಅದನ್ನೇ ಅಳತೆಯಾಗಿ ಹಿಡಿಯುತ್ತವೆ. 2025ರಲ್ಲಿ ಸಾಮಾನ್ಯ ಊರುಗಳಿಗೆ ಅದು ವಸತಿಗೆ ದಿನಕ್ಕೆ 110, ಊಟ ಕೈಖರ್ಚಿಗೆ 68 ಡಾಲರ್ ಇತ್ತು. ದೊಡ್ಡ ನಗರಗಳಿಗೆ ಹೆಚ್ಚು.

ತೆರಿಗೆಯಿಲ್ಲ ಎಂಬುದಕ್ಕೆ ಒಂದು ಷರತ್ತು

ಎಲ್ಲರೂ ಎಡವುವುದು ಇಲ್ಲಿ. ಭತ್ಯೆಗೆ ತೆರಿಗೆಯಿಲ್ಲದಿರುವುದು ಅದು ಎರಡು ಮನೆಯ ಖರ್ಚಿಗೆ ಪರಿಹಾರ ಎಂಬ ಕಾರಣಕ್ಕೆ. ನರ್ಸ್‌ಗೆ ತನ್ನದೆಂಬ ಒಂದು ನೆಲೆ ಇರಬೇಕು. ಅದಕ್ಕೆ ಬಾಡಿಗೆಯನ್ನೋ ಕಂತನ್ನೋ ಆಕೆ ನಿಜವಾಗಿ ಕಟ್ಟುತ್ತಿರಬೇಕು. ಕೆಲಸದ ಊರಿನಲ್ಲಿ ತಂಗಲು ಮತ್ತೆ ಖರ್ಚು ಮಾಡುತ್ತಿರಬೇಕು. ಈ ನೆಲೆಗೆ ತೆರಿಗೆಯವರು 'ಟ್ಯಾಕ್ಸ್ ಹೋಮ್' ಎನ್ನುತ್ತಾರೆ. ಮನೆಯನ್ನು ಖಾಲಿ ಮಾಡಿ ಊರೂರು ಅಲೆದರೆ ನೆಲೆಯಿಲ್ಲದವರು ಎಂದು ಎಣಿಸಿ ಭತ್ಯೆ ಪೂರ್ತಿಗೂ ತೆರಿಗೆ ಹಾಕುತ್ತಾರೆ. ಒಂದೇ ಊರಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇರುವುದೆಂದು ಗೊತ್ತಾದರೂ ಹಾಗೆಯೇ. ಐವತ್ತು ಮೈಲಿ ದೂರವಿದ್ದರೆ ಸಾಕು ಎಂದು ಅಲ್ಲಿ ನರ್ಸ್‌ಗಳ ನಡುವೆ ಒಂದು ಮಾತು ಓಡಾಡುತ್ತದೆ. ತೆರಿಗೆ ಕಾನೂನಿನಲ್ಲಿ ಅಂತಹ ನಿಯಮವಿಲ್ಲ. ಅದು ಕೆಲವು ಆಸ್ಪತ್ರೆಗಳೂ ಏಜೆನ್ಸಿಗಳೂ ತಮಗಾಗಿ ಮಾಡಿಕೊಂಡದ್ದು.

ನಮ್ಮ ಸದಸ್ಯರ ಮಗಳೂ ಇದೇ ತಪ್ಪು ಮಾಡುವುದರಲ್ಲಿದ್ದಳು. ಹೇಗೂ ಊರೂರು ತಿರುಗುವುದು, ತಿಂಗಳಿಗೆ 1,000 ಡಾಲರ್ ಬಾಡಿಗೆಯ ಕೊಠಡಿ ಏಕೆ ಎಂದು ಬಿಟ್ಟುಬಿಡುವ ಯೋಚನೆಯಲ್ಲಿದ್ದಳು. ಬಿಟ್ಟರೆ ವರ್ಷಕ್ಕೆ 12 ಸಾವಿರ ಉಳಿಯುತ್ತದೆ, ನಿಜ. ಆದರೆ ಭತ್ಯೆಗೂ ತೆರಿಗೆ ಬಿದ್ದರೆ ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 14 ಸಾವಿರ ಹೆಚ್ಚು ಹೋಗುತ್ತದೆ. ಕಟ್ಟದೆ ಸುಮ್ಮನಿದ್ದು ಮುಂದೆ ಸಿಕ್ಕಿಬಿದ್ದರೆ ಬಡ್ಡಿ, ದಂಡ ಬೇರೆ.

ಔಟ್‌ಟರ್ನ್ ಎಷ್ಟು?

ಹಸಿ ಅಡಿಕೆಯನ್ನು ಚೇಣಿಗೆ ಕೊಡುವಾಗ ಕ್ವಿಂಟಲಿಗೆ ಕೆಂಪಡಿಕೆ ಎಷ್ಟು ಬೀಳುತ್ತದೆಂದು ನಾವು ಕೇಳದೆ ಬಿಡುವುದಿಲ್ಲ. ಕಾಫಿ ಚೆರ್ರಿ ಮಾರುವವರು ಔಟ್‌ಟರ್ನ್ ನೋಡದೆ ಚೀಲ ಎತ್ತಿಸುವುದಿಲ್ಲ. ಈ 2,100ರ ಔಟ್‌ಟರ್ನ್ ಎಷ್ಟೆಂದು ನೋಡೋಣ. ಖರ್ಚಿನ ಅಂಕಿಗಳು ನಾವು ಅಂದಾಜಿಗೆ ಹಿಡಿದವು, ಊರಿನಿಂದೂರಿಗೆ ಬದಲಾಗುತ್ತವೆ.

ಒಂಟಿ ನರ್ಸ್‌ಗೆ 900ರ ಮೇಲೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಎಂದು ಶೇ. 7.65, ಜೊತೆಗೆ 2025ರ ದರದಲ್ಲಿ ಕೇಂದ್ರದ ವರಮಾನ ತೆರಿಗೆ ಸೇರಿ ಸುಮಾರು 130. (ಕೆಲವು ರಾಜ್ಯಗಳಲ್ಲಿ ರಾಜ್ಯದ ತೆರಿಗೆಯೂ ಉಂಟು, ಅದನ್ನು ಹಿಡಿದಿಲ್ಲ.) ಕೆಲಸದ ಊರಿನ ಬಾಡಿಗೆ ವಾರಕ್ಕೆ 415. ನೆಲೆಯ ಕೊಠಡಿಯ ಬಾಡಿಗೆ 230. ಊಟ, ಓಡಾಟ, ಆರೋಗ್ಯ ವಿಮೆಗೆ 350. ಒಟ್ಟು ಖರ್ಚು 1,125, ಉಳಿಯುವುದು 975.

ಇದನ್ನೂ 52ರಿಂದ ಗುಣಿಸುವಂತಿಲ್ಲ. ಒಂದು ಕರಾರು ಮುಗಿದು ಇನ್ನೊಂದು ಸಿಗುವವರೆಗೆ ಸಂಬಳವಿಲ್ಲ. ರಜೆಗೂ ಸಾಮಾನ್ಯವಾಗಿ ಸಂಬಳವಿಲ್ಲ. 46 ವಾರ ಕೆಲಸ ಸಿಕ್ಕಿತೆಂದರೆ 44,850. ಖಾಲಿ ಕುಳಿತ ಆರು ವಾರದ ಊಟ, ಬಾಡಿಗೆ 3,480 ಕಳೆದರೆ 41,370. ನಾವು ಮೊದಲು ಬರೆದಿದ್ದ 1,09,200 ಎಲ್ಲಿ, ಇದೆಲ್ಲಿ! ಅರ್ಧಕ್ಕೂ ಬಹಳ ಕಡಿಮೆ.

ಹಾಗೆಂದು ಈ ಕೆಲಸ ನಷ್ಟದ್ದೆಂದು ನಾವು ಹೇಳುವುದಿಲ್ಲ. ಆಕೆಯ ಖಾಯಂ ಕೆಲಸದ ಗಂಟೆಗೆ 40 ಡಾಲರನ್ನು ಇದೇ ರೀತಿ ಲೆಕ್ಕ ಹಾಕಿದರೆ ವರ್ಷಕ್ಕೆ ಉಳಿಯುವುದು 31 ಸಾವಿರದಷ್ಟು. ಹೊಸದರಲ್ಲಿ 10 ಸಾವಿರ ಹೆಚ್ಚು ಇದೆ. ಆದರೆ ಖಾಯಂ ಕೆಲಸದಲ್ಲಿ ಸಂಬಳಸಹಿತ ರಜೆಯಿದೆ, ನಿವೃತ್ತಿ ನಿಧಿಗೆ ಆಸ್ಪತ್ರೆಯ ಪಾಲಿದೆ, ನಾಳೆಯೂ ಕೆಲಸವಿದೆ. ಆ ಹತ್ತು ಸಾವಿರವನ್ನು ಇವುಗಳ ಬೆಲೆಯೆಂದೇ ತಿಳಿಯಬೇಕು.

ಮೂಲ ಕೂಲಿ ಸಣ್ಣದಾದರೆ

ಗಂಟೆಯ ಕೂಲಿ 25 ಎಂದು ಸಣ್ಣದಾಗಿ ಬರೆದು ಭತ್ಯೆಯನ್ನು ದೊಡ್ಡದು ಮಾಡುವುದರಿಂದ ಇಂದಿನ ತೆರಿಗೆ ಉಳಿಯುತ್ತದೆ, ನಾಳೆಯದು ಕರಗುತ್ತದೆ. ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ, ತೆರಿಗೆ ಬಿದ್ದ ಸಂಬಳದ 35 ವರ್ಷಗಳ ಲೆಕ್ಕದ ಮೇಲೆ ನಿಲ್ಲುತ್ತದೆ. ಭತ್ಯೆ ಆ ಲೆಕ್ಕಕ್ಕೆ ಬರುವುದಿಲ್ಲ.

ಹೆಚ್ಚುವರಿ ದುಡಿಮೆಯನ್ನೂ ನೋಡಿ. ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಾಲು ಕೂಲಿ ಎಂಬುದು ಅಲ್ಲಿನ ಕಾನೂನು. 25ರ ಒಂದೂವರೆ ಪಾಲು 37.50. ಆದರೆ ಒಟ್ಟು ಮೊತ್ತವನ್ನು 36 ಗಂಟೆಗೆ ಹಂಚಿದರೆ ಸಾಧಾರಣ ಗಂಟೆಗೇ 58 ಡಾಲರ್ ಬೀಳುತ್ತದೆ. ದಣಿದ ಮೈಯಲ್ಲಿ ಮಾಡಿದ ಹೆಚ್ಚುವರಿ ಗಂಟೆ ಸಾಧಾರಣ ಗಂಟೆಗಿಂತ ಅಗ್ಗವಾಯಿತು! ಇದು ನ್ಯಾಯಾಲಯಕ್ಕೂ ಹೋಯಿತು. 2021ರಲ್ಲಿ ಅಲ್ಲಿನ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ, ಪಾಳಿ ತಪ್ಪಿದಾಗ ಭತ್ಯೆಯನ್ನೂ ಕಡಿಯುವ ಏಜೆನ್ಸಿಯೊಂದರ ಮೊಕದ್ದಮೆಯಲ್ಲಿ, ಹೀಗೆ ದುಡಿಮೆಗೆ ತಕ್ಕಂತೆ ಏರಿಳಿಯುವ ಭತ್ಯೆ ನಿಜದಲ್ಲಿ ಕೂಲಿಯೇ, ಹೆಚ್ಚುವರಿ ಗಂಟೆಯ ದರಕ್ಕೆ ಅದನ್ನೂ ಸೇರಿಸಬೇಕು ಎಂದು ತೀರ್ಪಿತ್ತಿತು. ಆದ್ದರಿಂದ ಹೆಚ್ಚುವರಿ ಗಂಟೆಗೆ ಎಷ್ಟು ಎಂಬುದನ್ನು ಸಹಿಗೆ ಮೊದಲೇ ಕೇಳಬೇಕು.

ಇನ್ನೂ ಮೂರು ಪ್ರಶ್ನೆಗಳು: ರೋಗಿಗಳು ಕಡಿಮೆಯಾಗಿ ಆಸ್ಪತ್ರೆ ಪಾಳಿ ರದ್ದು ಮಾಡಿದರೂ ವಾರಕ್ಕೆ ಎಷ್ಟು ಗಂಟೆಯ ಸಂಬಳ ಖಾತ್ರಿ? ಕರಾರು ಮಧ್ಯದಲ್ಲಿ ಮುರಿದರೆ ಬಾಡಿಗೆ ಯಾರ ತಲೆಗೆ? ಕಾಯಿಲೆ ಬಿದ್ದು ಪಾಳಿ ತಪ್ಪಿದರೆ ಕಡಿತವೆಷ್ಟು? ಉತ್ತರ ಬಾಯಿಮಾತಿನಲ್ಲಿ ಬೇಡ, ಪತ್ರದಲ್ಲೇ ಇರಲಿ.

ದರವೂ ಸ್ಥಿರವಲ್ಲ. 2020–21ರ ಕೋವಿಡ್ ಕಾಲದಲ್ಲಿ ಟ್ರಾವೆಲ್ ನರ್ಸ್ ಸಂಬಳ ಹಿಂದೆಂದೂ ಕಾಣದಷ್ಟು ಏರಿತು, 2022ರಿಂದ ಇಳಿಯಿತು. 2014ರಲ್ಲಿ ಅಡಿಕೆ ಧಾರಣೆ ಏರಿದ್ದನ್ನೂ ಆಮೇಲೆ ಇಳಿದದ್ದನ್ನೂ ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಏರಿದ ಧಾರಣೆ ನಂಬಿ ಸಾಲ ಮಾಡಿದವರು ಇಳಿದ ಧಾರಣೆಯಲ್ಲಿ ತೀರಿಸಬೇಕಾಯಿತು.

ಇಲ್ಲಿಂದ ಹೊರಡುವವರಿಗೆ

ಇಲ್ಲಿ ಓದು ಮುಗಿಸಿದವರಿಗೆ ಈ ಟ್ರಾವೆಲ್ ಕೆಲಸ ನೇರವಾಗಿ ಸಿಗುವಂಥದ್ದಲ್ಲ. ಅಮೆರಿಕಕ್ಕೆ ಹೋಗಬೇಕಾದರೆ ಎನ್‌ಕ್ಲೆಕ್ಸ್ ಪರೀಕ್ಷೆ, ಪರವಾನಗಿ, ವೀಸಾ ಎಲ್ಲ ಆಗಬೇಕು. ಕರೆಸಿಕೊಂಡವರಲ್ಲಿ ಎರಡು ಮೂರು ವರ್ಷ ದುಡಿಯುವ ಕರಾರು ಸಾಮಾನ್ಯವಾಗಿ ಇರುತ್ತದೆ, ಮಧ್ಯೆ ಬಿಟ್ಟರೆ ಹಣ ಕಟ್ಟಬೇಕೆಂಬ ಷರತ್ತೂ ಇರಬಹುದು. ಅದನ್ನು ಓದಿಯೇ ಸಹಿ ಹಾಕಬೇಕು.

ಕೊಲ್ಲಿ ದೇಶಗಳಿಗೆ ಹೋಗುವವರೂ ಮೂಲ ವೇತನವನ್ನೇ ಮೊದಲು ನೋಡಲಿ. ಉದಾಹರಣೆಗೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸೇವಾಂತ್ಯದ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲ ವೇತನ. ವಸತಿ, ಪ್ರಯಾಣ ಭತ್ಯೆಗಳು ಲೆಕ್ಕಕ್ಕಿಲ್ಲ. ನೇಮಕಾತಿ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಆತ ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. 2015ರಲ್ಲಿ ಕೊಚ್ಚಿಯ ಏಜೆನ್ಸಿಯೊಂದು ಕುವೈತ್‌ಗೆ ಹೋಗುವ ನರ್ಸ್‌ಗಳಿಂದ 19,500 ರೂಪಾಯಿಯ ಜಾಗದಲ್ಲಿ ತಲಾ 19.5 ಲಕ್ಷ ವಸೂಲಿ ಮಾಡಿದ ಆರೋಪದ ಮೇಲೆ ಸಿ.ಬಿ.ಐ. ಮೊಕದ್ದಮೆ ಹೂಡಿತು. ಎರಡು ಸೊನ್ನೆಯ ವ್ಯತ್ಯಾಸ! ಎಷ್ಟು ಮನೆಗಳ ಚಿನ್ನ, ಎಷ್ಟು ತೋಟಗಳ ಪತ್ರ ಆ ಸೊನ್ನೆಗಳಲ್ಲಿ ಹೋಗಿರಬೇಕು ಎಂಬುದನ್ನು ಊಹಿಸಿಕೊಳ್ಳಿ.

ಕಡೆಯ ಮಾತು

ನಮ್ಮ ಸದಸ್ಯರ ಕಥೆ ಮುಗಿಸುತ್ತೇವೆ. ಲೆಕ್ಕವೆಲ್ಲ ಆದ ಮೇಲೆ ಮಗಳು ಫೋನಿನಲ್ಲಿ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ: "ಅಪ್ಪಾ, ನನಗೆ ಬರೋದು ಎಷ್ಟು ಅಂತ ಎಲ್ಲರೂ ಲೆಕ್ಕ ಹಾಕಿದಿರಿ. ಕಳಿಸೋಕೆ ಎಷ್ಟು ಆಗುತ್ತೆ ಅಂತ ಯಾರೂ ಕೇಳಲಿಲ್ಲ." ತಂದೆ ಆಗ ಕೇಳಿದರು. ತಿಂಗಳಿಗೆ 1,000 ಡಾಲರ್, ಅದೂ ಕೆಲಸವಿದ್ದ ತಿಂಗಳು ಎಂದಳು. ಪಕ್ಕದ ತೋಟಕ್ಕೆ ಸಾಲ ಎತ್ತುವ ವಿಚಾರವನ್ನು ಅವರು ಅಲ್ಲಿಗೇ ಕೈಬಿಟ್ಟರು. ಮಗಳು ಕೊಠಡಿಯನ್ನು ಇಟ್ಟುಕೊಂಡೇ ಒಂದು 13 ವಾರದ ಕರಾರಿಗೆ ಹೋಗಿದ್ದಾಳೆ; ಮುಂದಿನದನ್ನು ಆಮೇಲೆ ನೋಡುವುದಾಗಿ ಹೇಳಿದ್ದಾಳೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಹಿರಿಯರು ಹೇಳಿದ್ದಾರೆ. ಮಕ್ಕಳ ವಾರದ ಮೊತ್ತ ನೋಡಿ ತೋಟದ ಪತ್ರ ಒತ್ತೆಯಿಡುವ ಮುನ್ನ ಮೂಲ ವೇತನವೆಷ್ಟು, ಖರ್ಚು ಕಳೆದು ಉಳಿಯುವುದೆಷ್ಟು, ವರ್ಷದಲ್ಲಿ ಎಷ್ಟು ವಾರ ಎಂಬ ಮೂರು ಅಂಕಿಗಳನ್ನು ಬರೆದುಕೊಳ್ಳಿ. ನಾಲ್ಕನೆಯದನ್ನು ಮಗಳನ್ನೇ ಕೇಳಿ. ಪತ್ರ ಅರ್ಥವಾಗದಿದ್ದರೆ ಕಚೇರಿಗೆ ತನ್ನಿ. ಜೊತೆಯಲ್ಲಿ ಕುಳಿತು ಓದೋಣ. ಈ ಸಲ ನಾವು 52ರಿಂದ ಗುಣಿಸುವುದಿಲ್ಲ.

— ಕಾರ್ಯದರ್ಶಿ